ಮಹಾನಗರದ ಮೊದಲ ದಿನ: ಆತುರವಾದದ ಖಂಡನ

ಮುಂಬಯಿಗೆ ಮೊದಲ ಸಲ ಹೊರಟವನಿಗೆ ನಮ್ಮ ನಾಡಿನಲ್ಲಿ ದೊರೆಯುವ ಉಪದೇಶ ಹೆಚ್ಚುಕಡಮೆ ಒಂದೇ ಬಗೆಯದು. ರೈಲಿಳಿದ ಕೂಡಲೆ ಸ್ನಾನ ಮುಗಿಸಿ, ಉಪಾಹಾರವನ್ನು ದಾರಿಯಲ್ಲಿಯೇ ತೀರಿಸಿಕೊಂಡು, ಬೆಳಗಿನ ‘ಮುಂಬಯಿ ದರ್ಶನ’ದ ಬಸ್ಸನ್ನು ಹಿಡಿದು, ಗೇಟ್‌ವೇ ಆಫ್ ಇಂಡಿಯಾದಿಂದ ತೊಡಗಿ ವಸ್ತುಸಂಗ್ರಹಾಲಯ, ಹ್ಯಾಂಗಿಂಗ್ ಗಾರ್ಡನ್, ಮಹಾಲಕ್ಷ್ಮಿ, ಹಾಜಿ ಅಲಿ, ಸಿದ್ಧಿವಿನಾಯಕ, ಸೀ ಲಿಂಕ್, ಜುಹುವಿನ ಕಡಲತೀರ, ನಡುನಡುವೆ ಚಿತ್ರನಟರ ಬಂಗಲೆಗಳ ಗೇಟುಗಳು, ಇಷ್ಟನ್ನೂ ಹೊತ್ತು ಮುಳುಗುವುದರೊಳಗೆ ನೋಡಿ ಮುಗಿಸಿಬಿಡಬೇಕು. ಹೀಗೆ ಮುಗಿಸಿದವನು ಜಾಣನೆಂದೂ, ಮೊದಲ ದಿನವನ್ನು ಒಂದು ಮೈದಾನದ ಅಂಚಿನಲ್ಲಿ, ಒಂದು ಬೀದಿಯ ನೆರಳಿನಲ್ಲಿ ಕಳೆದು ಬಂದವನು ದುಡ್ಡು ದಂಡಮಾಡಿದ ಸೋಮಾರಿಯೆಂದೂ ಎಣಿಸುವ ರೂಢಿ ನಮ್ಮಲ್ಲಿ ಬೇರೂರಿದೆ. ಯಾರೂ ಪ್ರಶ್ನಿಸದ ಲೋಕನೀತಿಯಂತೆ ನಿಂತಿರುವ ಈ ಅಭಿಪ್ರಾಯವು ಆಮೂಲಾಗ್ರವಾಗಿ ತಪ್ಪೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಖಂಡಿಸುವ ಮುನ್ನ ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಮಂಡಿಸುವುದು ನ್ಯಾಯ. ಆತುರವಾದಿಗಳು ಹೇಳುವುದಿಷ್ಟು: ರಜೆ ದೊರೆಯುವುದು ದುರ್ಲಭ, ಪ್ರಯಾಣಕ್ಕೂ ವಸತಿಗೂ ತೆತ್ತ ಹಣ ಕಷ್ಟಾರ್ಜಿತವಾದುದು, ಮತ್ತೊಮ್ಮೆ ಬರುವ ಯೋಗವಿದೆಯೋ ಇಲ್ಲವೋ ಬಲ್ಲವರಾರು, ಉತ್ಸಾಹವು ಮೊದಲ ದಿನವೇ ಅತ್ಯಧಿಕವಾಗಿರುವುದರಿಂದ ಅದರ ಪೂರ್ಣ ಪ್ರಯೋಜನವನ್ನು ಆ ದಿನವೇ ಪಡೆಯತಕ್ಕದ್ದು, ಮುಖ್ಯವಾದುವನ್ನೆಲ್ಲ ಮೊದಲು ನೋಡಿಬಿಟ್ಟರೆ ಉಳಿದ ದಿನಗಳು ಹಗುರಾಗುವುವು. ಈ ಮಾತುಗಳಲ್ಲಿ ಪ್ರತಿಯೊಂದೂ ಕೇಳುವುದಕ್ಕೆ ವಿವೇಕಯುತವಾಗಿಯೇ ಇದೆ, ಮತ್ತು ಹೇಳುವವರ ಸದ್ಭಾವನೆಯನ್ನು ಶಂಕಿಸಲು ಕಾರಣವಿಲ್ಲ. ಆದರೆ ಈ ವಿವೇಕವೆಲ್ಲ ಒಂದು ಊಹೆಯ ಮೇಲೆ ನಿಂತಿದೆ: ನಗರವೆಂದರೆ ಸ್ಥಳಗಳ ಒಂದು ಪಟ್ಟಿ, ಪಟ್ಟಿಯ ಹೆಚ್ಚು ಸಾಲುಗಳನ್ನು ದಾಟಿದವನು ಹೆಚ್ಚು ನೋಡಿದಂತೆ ಎಂಬ ಊಹೆ. ಈ ಊಹೆ ಬಿದ್ದರೆ ಮೇಲಿನ ಕಟ್ಟಡವೆಲ್ಲವೂ ಬೀಳುವುದು.

ಮೊದಲು ಭೂಗೋಳವನ್ನೇ ವಿಚಾರಿಸೋಣ. ಕೊಲಾಬಾ, ಮಜಗಾಂವ್, ಪರೇಲ್, ವರ್ಲಿ, ಮಾಹಿಮ್ ಮೊದಲಾದ ಏಳು ದ್ವೀಪಗಳ ನಡುವಣ ಕಡಲನ್ನು ಕಾಲಕ್ರಮದಲ್ಲಿ ತುಂಬಿ ತುಂಬಿ ಮಾಡಿದ ನೆಲ ದಕ್ಷಿಣ ಮುಂಬಯಿ. ಇಕ್ಕೆಲದಲ್ಲೂ ನೀರಿರುವುದರಿಂದ ಊರು ಅಗಲಕ್ಕೆ ಹರಡಲಾರದೆ ಉತ್ತರಕ್ಕೆ ಉದ್ದವಾಗಿ ಬೆಳೆದಿದೆ; 2011ರ ಜನಗಣತಿಯಲ್ಲಿಯೇ ಒಂದು ಕೋಟಿ ಇಪ್ಪತ್ತು ಲಕ್ಷವನ್ನು ಮೀರಿದ ಜನಸಮೂಹವು ದಿನದಿನವೂ ಸಂಚರಿಸಬೇಕಾದುದು ಈ ಒಂದೇ ದಿಕ್ಕಿನ ಕೆಲವೇ ದಾರಿಗಳಲ್ಲಿ. ಗೇಟ್‌ವೇಯಿಂದ ಜುಹುವಿಗೆ ಸುಮಾರು 25 ಕಿಲೋಮೀಟರು. ಭೂಪಟದಲ್ಲಿ ಅದು ಬೆರಳಗಲದ ದೂರ, ಬೀದಿಯಲ್ಲಿ ಅದು ಅರ್ಧ ಹಗಲನ್ನು ನುಂಗುವ ದೂರ. ಆದುದರಿಂದ ಒಂದೇ ದಿನದಲ್ಲಿ ಎಲ್ಲವನ್ನೂ ನೋಡಹೊರಟವನು ವಾಸ್ತವವಾಗಿ ನೋಡುವುದು ಮುಂದಿನ ವಾಹನದ ಹಿಂಬದಿಯನ್ನು. ಮಧ್ಯಾಹ್ನ ಮೂರರ ಸುಮಾರಿಗೆ ಅಂಥ ಬಸ್ಸೊಂದರ ಒಳಗನ್ನು ಗಮನಿಸಿದವರಿಗೆ ಈ ಮಾತು ಅತಿಶಯೋಕ್ತಿಯೆನಿಸದು: ಕಿಟಕಿಯ ಗಾಜಿಗೆ ತಲೆಯಾನಿಸಿ ನಿದ್ರಿಸುತ್ತಿರುವ ತಾಯಿ, ಮಡಿಲಲ್ಲಿ ಬೆವರಿ ಮಲಗಿರುವ ಮಗು, ನೀರಿನ ಬಾಟಲಿಯ ತಳದಲ್ಲಿ ಬಿಸಿಯಾಗಿ ಉಳಿದ ಎರಡು ಗುಟುಕು, ಮೈಕು ಹಿಡಿದವನು ಎತ್ತರದ ಗೋಡೆಯೊಂದನ್ನು ತೋರಿಸಿ ನಟನೊಬ್ಬನ ಹೆಸರು ಹೇಳಿದಾಗ ಫೋನನ್ನು ಮೇಲೆತ್ತಿ ಮತ್ತೆ ಕೆಳಗಿಳಿಸುವ ಕೈಗಳು. ಆ ಗೋಡೆ ಯಾವ ಬೀದಿಯದು, ಕಡಲು ಅದರಿಂದ ಯಾವ ಕಡೆಗಿದೆ ಎಂದು ಕೇಳಿದರೆ ಆ ಬಸ್ಸಿನಲ್ಲಿ ಉತ್ತರ ಬಲ್ಲವನು ಚಾಲಕನೊಬ್ಬನೇ.

ಎರಡನೆಯದು ದೇಹದ ವಿಚಾರ. ಹುಬ್ಬಳ್ಳಿಯಿಂದಾಗಲಿ ಮಂಗಳೂರಿನಿಂದಾಗಲಿ ಹೊರಟವನು ರಾತ್ರಿಯಿಡೀ ಅರೆನಿದ್ರೆಯಲ್ಲಿ ಬಂದಿರುತ್ತಾನೆ. ಘಟ್ಟದ ಮೇಲಿಂದ ಬಂದವನಾದರೆ, ಅಲ್ಲಿಯ ಒಣಹವೆಗೆ ಒಗ್ಗಿದ ಮೈ ಕಡಲತೀರದ ಸೆಕೆಗೆ ಒಮ್ಮೆಲೆ ಒಗ್ಗದು. ಉತ್ಸಾಹವು ಮೊದಲ ದಿನ ಅತ್ಯಧಿಕವೆಂಬ ವಾದವನ್ನು ಇಲ್ಲಿಯೇ ಪರೀಕ್ಷಿಸಬೇಕು. ಆ ದಿನ ಮನಸ್ಸಿನಲ್ಲಿ ಉತ್ಕಂಠೆಯೇನೋ ಹೆಚ್ಚು, ಇಂದ್ರಿಯಗಳಲ್ಲಿ ಗ್ರಹಣಶಕ್ತಿ ಮಾತ್ರ ಕಡಮೆ. ಹಾತೊರೆಯುವ ಮನಸ್ಸು ದಣಿದ ಕಣ್ಣಿಗೆ ದುಡಿಮೆಯನ್ನು ಹೊರಿಸಿದಾಗ ಹುಟ್ಟುವುದು ನೆನಪಲ್ಲ, ಕಲಸುಮೇಲೋಗರ. ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯವನ್ನೇ ತೆಗೆದುಕೊಳ್ಳಿ. 1922ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಮ್ ಎಂಬ ಹೆಸರಿನಿಂದ ಸಾರ್ವಜನಿಕರಿಗೆ ತೆರೆದ ಆ ಗುಮ್ಮಟದ ಸೌಧದಲ್ಲಿ ಸಿಂಧದ ಮೀರ್‌ಪುರ್ ಖಾಸ್‌ನಿಂದ ಬಂದ ಸುಟ್ಟಮಣ್ಣಿನ ಬುದ್ಧನಿದ್ದಾನೆ, ಶಿಲ್ಪಗಳ ವಿಭಾಗವಿದೆ, ಅಂಗೈಯಗಲದ ಚೌಕಟ್ಟಿನಲ್ಲಿ ಒಂದು ಅರಮನೆಯ ಇಡೀ ಸಂಜೆಯನ್ನು ಬರೆದಿಟ್ಟ ಲಘುಚಿತ್ರಗಳ ಸಾಲಿದೆ. ದರ್ಶನದ ವೇಳಾಪಟ್ಟಿ ಇದಕ್ಕೆಲ್ಲ ಬಿಡುವುದು ಒಂದು ಚಹಾದ ವಿರಾಮಕ್ಕಿಂತ ತುಸು ಹೆಚ್ಚಿನ ಅವಕಾಶವನ್ನು. ಅಷ್ಟರಲ್ಲಿ ಒಳಹೊಕ್ಕು ಹೊರಬಂದವನು ತಾನು ಅದನ್ನು ನೋಡಿದೆನೆಂದು ನಂಬಿ ಮತ್ತೆ ಅತ್ತ ಸುಳಿಯುವುದೇ ಇಲ್ಲ. ಕಾಣದೆ ಉಳಿದುದನ್ನು ನಾಳೆ ಕಾಣಬಹುದು. ಕಂಡೆನೆಂಬ ಭ್ರಮೆಯಿಂದ ಕಳೆದುಕೊಂಡುದನ್ನು ಮತ್ತೆ ಅರಸುವವರಿಲ್ಲ. ಆತುರದಿಂದಾಗುವ ನಷ್ಟಗಳಲ್ಲಿ ಇದು ಅತ್ಯಂತ ದೊಡ್ಡದು.

ಮೂರನೆಯದು, ನನಗೆ ಎಲ್ಲಕ್ಕಿಂತ ಮಹತ್ತ್ವದ್ದಾಗಿ ತೋರುವುದು, ಜ್ಞಾನದ ವಿಚಾರ. ಮಹಾನಗರವು ತನ್ನ ಸ್ವರೂಪವನ್ನು ಬಿಟ್ಟುಕೊಡುವುದು ನಿಂತವನಿಗೆ. ಓವಲ್ ಮೈದಾನದ ನಟ್ಟನಡುವಿನ ಕಾಲುದಾರಿಯಲ್ಲಿ ನಿಂತು ಪೂರ್ವಕ್ಕೆ ಮುಖ ಮಾಡಿದರೆ ಹೈಕೋರ್ಟು, ವಿಶ್ವವಿದ್ಯಾನಿಲಯ, ರಾಜಾಬಾಯಿ ಗಡಿಯಾರಗೋಪುರ ಇವುಗಳ ಚೂಪುಕಮಾನಿನ ಕಲ್ಲುಕಟ್ಟಡಗಳ ಸಾಲು. ಹಿಂದಿರುಗಿ ಪಶ್ಚಿಮಕ್ಕೆ ನೋಡಿದರೆ ದುಂಡುಮೂಲೆಗಳ, ತಿಳಿಬಣ್ಣಗಳ, ಹಡಗಿನ ಅಟ್ಟದಂತೆ ಬಾಲ್ಕನಿಗಳನ್ನು ಚಾಚಿದ ಆರ್ಟ್ ಡೆಕೊ ಮನೆಗಳ ಸಾಲು. ಎರಡು ಸಾಲುಗಳಿಗೂ ನಡುವೆ ಒಂದು ಹಸುರು ಬಯಲು. ಎರಡರ ನಿರ್ಮಾಣಕ್ಕೂ ನಡುವೆ ಸುಮಾರು ಅರುವತ್ತು ವರ್ಷಗಳ ಅಂತರ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತು ನಮ್ಮ ಹತ್ತಿಗೆ ಬೆಲೆ ಬಂದು ಮುಂಬಯಿಯಲ್ಲಿ ಹಣದ ಹೊಳೆ ಹರಿದುದು, ಗವರ್ನರ್ ಬಾರ್ಟಲ್ ಫ್ರೇರನ ಕಾಲದಲ್ಲಿ ಹಳೆಯ ಕೋಟೆಯ ಗೋಡೆಗಳು ಉರುಳಿ ಊರು ಹೊರಕ್ಕೆ ಕಾಲಿಟ್ಟುದು, ಹತ್ತಿಯ ವ್ಯಾಪಾರಿ ಪ್ರೇಮಚಂದ ರಾಯಚಂದನು ಕೊಟ್ಟ ದಾನದಿಂದ ಅವನ ತಾಯಿಯ ಹೆಸರಿನ ಗೋಪುರವು 1878ರಲ್ಲಿ ಪೂರ್ಣಗೊಂಡುದು, ಅನಂತರ ಇಪ್ಪತ್ತನೆಯ ಶತಮಾನದಲ್ಲಿ ಪಶ್ಚಿಮದ ಕಡಲನ್ನು ತುಂಬಿ ಗಳಿಸಿದ ಹೊಸ ನೆಲದ ಮೇಲೆ ಹೊಸ ಮಧ್ಯಮವರ್ಗವು ತನ್ನ ಮನೆಗಳನ್ನೂ ಸಿನಿಮಾ ಮಂದಿರಗಳನ್ನೂ ಎತ್ತಿದುದು, ಇವೆಲ್ಲವೂ ಆ ಒಂದೇ ನಿಲುವಿನಲ್ಲಿ ಕಣ್ಣಿಗೆ ಕಟ್ಟಿ ನಿಲ್ಲುವುವು. 2018ರಲ್ಲಿ ಯುನೆಸ್ಕೊ ಸಂಸ್ಥೆ ಈ ಎರಡು ಸಾಲುಗಳನ್ನೂ ಕೂಡಿಸಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದುದು ಈ ಮುಖಾಮುಖಿಯ ಬೆಲೆಯನ್ನು ಅರಿತೇ. ನಡುವಿನ ಬಯಲಿನಲ್ಲಿ ಒಂದರ ಅಂಚಿಗೆ ಒಂದು ತಾಗುವಂತೆ ಹತ್ತಾರು ಕ್ರಿಕೆಟ್ ಪಂದ್ಯಗಳು ಏಕಕಾಲದಲ್ಲಿ ಸಾಗುತ್ತಿರುತ್ತವೆ. ಒಂದು ಪಂದ್ಯದ ಕ್ಷೇತ್ರರಕ್ಷಕ ಇನ್ನೊಂದು ಪಂದ್ಯದ ಚೆಂಡನ್ನು ಹಿಡಿದು ಹಿಂದಕ್ಕೆಸೆದು ಮತ್ತೆ ತನ್ನ ಆಟಕ್ಕೆ ತಿರುಗುತ್ತಾನೆ. ಇಷ್ಟು ಇಕ್ಕಟ್ಟಿನಲ್ಲಿ ಇಷ್ಟು ಜನ ಹೇಗೆ ಜಗಳವಿಲ್ಲದೆ ಬಾಳುತ್ತಾರೆಂಬ ಪ್ರಶ್ನೆಗೆ ಆ ಬಯಲಿನಲ್ಲಿ ದೊರೆಯುವಷ್ಟು ಸ್ಪಷ್ಟವಾದ ಉತ್ತರ ಬೇರೆ ಯಾವ ಸ್ಮಾರಕದಲ್ಲಿಯೂ ದೊರೆಯದು. ಆತುರದ ಬಸ್ಸಿಗೆ ಓವಲ್ ಮೈದಾನವು ಬರಿಯ ಒಂದು ತಿರುವು.

ಇಲ್ಲಿ ಇನ್ನೊಂದು ಮತವನ್ನೂ ನಿರಾಕರಿಸಬೇಕಾಗಿದೆ. ಏಕೆಂದರೆ ಆತುರವನ್ನು ಬಿಟ್ಟವರಲ್ಲಿ ಹಲವರು ನೇರವಾಗಿ ಇದರ ತೆಕ್ಕೆಗೆ ಬೀಳುತ್ತಾರೆ. ಯೋಜನೆಯೇ ಬೇಡ, ಕಾಲು ಹೋದತ್ತ ಅಲೆಯಿರಿ ಎಂಬುದು ಆ ಮತ. ಅದು ಹಳ್ಳಿಯ ದಾರಿಗೆ ಸಲ್ಲಬಹುದು, ಮಹಾನಗರಕ್ಕೆ ಸಲ್ಲದು. ಯೋಜನೆಯಿಲ್ಲದೆ ಹೊರಟವನು ಸೋಮವಾರ ಗೇಟ್‌ವೇಯ ದಕ್ಕೆಗೆ ಬಂದು ಎಲಿಫೆಂಟಾ ಗುಹೆಗಳಿಗೆ ಅಂದು ರಜೆಯೆಂದು ತಿಳಿದು ಹಿಂದಿರುಗುತ್ತಾನೆ. ಮಂಗಳವಾರ ಸಿದ್ಧಿವಿನಾಯಕನ ಸರದಿಯ ಕೊನೆಯಲ್ಲಿ ಬಿಸಿಲಿಗೆ ನಿಲ್ಲುತ್ತಾನೆ. ಎಲ್ಲಕ್ಕಿಂತ ಹೆಚ್ಚಾಗಿ, ಸಂಜೆ ಆರಕ್ಕೆ ಚರ್ಚ್‌ಗೇಟಿನಲ್ಲಿ ಉತ್ತರಾಭಿಮುಖವಾದ ಲೋಕಲ್ ಗಾಡಿಯನ್ನು ಮಕ್ಕಳುಮರಿಗಳೊಡನೆ ಹತ್ತಹೋಗುತ್ತಾನೆ. ಮುಂಬಯಿಯ ಜನಪ್ರವಾಹಕ್ಕೆ ಕಡಲಿನಂತೆಯೇ ಉಬ್ಬರವಿಳಿತಗಳಿವೆ: ಬೆಳಗ್ಗೆ ಅದು ದಕ್ಷಿಣಕ್ಕೆ ಹರಿಯುತ್ತದೆ, ಸಂಜೆ ಉತ್ತರಕ್ಕೆ. ನಡುವಣ ನಿಲ್ದಾಣಗಳಲ್ಲಿ ಅರ್ಧ ನಿಮಿಷವೂ ನಿಲ್ಲದ ಆ ಗಾಡಿಗಳಲ್ಲಿ ಆ ಹೊತ್ತಿಗೆ ಚೀಲ ಹಿಡಿದು ನುಗ್ಗುವ ಹೊಸಬನು ತನಗೂ ಅಪಾಯ, ದುಡಿದು ದಣಿದು ಮನೆ ಸೇರಬೇಕಾದವರಿಗೂ ಅಡ್ಡಿ. ವಿಶ್ರಾಂತವಾದ ದಿನವು ತಾನಾಗಿ ಒದಗುವುದಿಲ್ಲ. ಅದನ್ನು ಮುನ್ನಾಲೋಚನೆಯಿಂದ ಕಟ್ಟಬೇಕು, ಮತ್ತು ಕಟ್ಟುವ ಕೆಲಸದಲ್ಲಿ ಮುಕ್ಕಾಲು ಪಾಲು ಯಾವುದನ್ನು ಆ ದಿನ ಬಿಡಬೇಕೆಂದು ನಿಶ್ಚಯಿಸುವುದು.

ಹಾಗಾದರೆ ಮೊದಲ ದಿನದ ವಿಧಿಯೇನು? ಒಂದೇ ಒಂದು ಬಡಾವಣೆಯನ್ನು ಆರಿಸಿಕೊಳ್ಳತಕ್ಕದ್ದು. ಕಾಲ್ನಡೆಯಲ್ಲಿ ಮುಗಿಯುವಷ್ಟು ಹರವನ್ನು ಮಾತ್ರ ಇಟ್ಟುಕೊಳ್ಳತಕ್ಕದ್ದು. ಬೆಳಗಿನ ವಿಶ್ರಾಂತಿ, ನಡುಹಗಲಿನ ನೆರಳು, ಸಂಜೆಯ ತಂಗುದಾಣ ಈ ಮೂರನ್ನು ಮೊದಲೇ ಗೊತ್ತುಮಾಡಿಕೊಳ್ಳತಕ್ಕದ್ದು. ಕೋಟೆಯ ಭಾಗದಲ್ಲಿ ಇಳಿದುಕೊಂಡವನು ಒಂದೆರಡು ಗಂಟೆ ಮಲಗೆದ್ದು, ಹನ್ನೊಂದು ದಾಟಿದ ಮೇಲೆ ಚರ್ಚ್‌ಗೇಟ್ ನಿಲ್ದಾಣದ ಹೊರಗೆ ಹೋಗಿ ನಿಲ್ಲಲಿ. ಬಿಳಿಯ ಟೋಪಿಯ ಡಬ್ಬಾವಾಲರು ಉದ್ದನೆಯ ಮರದ ತಟ್ಟೆಗಳನ್ನು ತಲೆಯಿಂದಿಳಿಸಿ, ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಅಕ್ಷರ ಅಂಕೆಗಳ ಗುರುತನ್ನು ಒಂದೇ ನೋಟಕ್ಕೆ ಓದಿ, ಯಾವ ಕಟ್ಟಡದ ಯಾವ ಅಂತಸ್ತಿಗೆ ಯಾವ ಊಟವೆಂದು ಬೇರ್ಪಡಿಸಿ ಮತ್ತೆ ಹೊತ್ತು ನಡೆಯುವುದನ್ನು, ಅವರ ದಾರಿಗೆ ಅಡ್ಡವಾಗದೆ, ಪಕ್ಕಕ್ಕೆ ಸರಿದು ನೋಡಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ನಡೆದುಬಂದ ಈ ವ್ಯವಸ್ಥೆಯನ್ನು ಕಂಡವನಿಗೆ ನಗರದ ಶಿಸ್ತೆಂದರೇನೆಂದು ಬೇರೆ ಬೋಧಿಸಬೇಕಾಗಿಲ್ಲ. ಅಲ್ಲಿಂದ ಓವಲ್ ಮೈದಾನ, ಊಟ, ಬಿಸಿಲು ಉರಿಯುವ ಹೊತ್ತಿಗೆ ಹಾರ್ನಿಮನ್ ವೃತ್ತದ ಉದ್ಯಾನದ ಮರಗಳ ಕೆಳಗೆ ವಿರಾಮ, ಎದುರಿಗೆ 1833ರ ಟೌನ್ ಹಾಲಿನ ಕಂಬಸಾಲು. ಸಂಜೆಗೆ ಮೆರೀನ್ ಡ್ರೈವಿನ ಕಟ್ಟೆ. ಅದು ಪಶ್ಚಿಮಕ್ಕೆ ತೆರೆದುದಾದ್ದರಿಂದ ಸೂರ್ಯನು ನೇರವಾಗಿ ಅರಬ್ಬಿ ಸಮುದ್ರಕ್ಕಿಳಿಯುವುದನ್ನು ಊರಿನವರ ನಡುವೆ ಊರಿನವನಂತೆ ಕುಳಿತು ಕಾಣಬಹುದು. ಈ ಇಡೀ ದಿನಕ್ಕೆ ಊಟದ ಹೊರತು ಖರ್ಚೇ ಇಲ್ಲವಷ್ಟೆ.

ನಮ್ಮವರಲ್ಲಿ ಬಹುಮಂದಿ ಇಳಿದುಕೊಳ್ಳುವುದು ಲಾಡ್ಜಿನಲ್ಲಲ್ಲ, ಡೊಂಬಿವಲಿಯಲ್ಲೋ ಘಾಟ್ಕೋಪರಿನಲ್ಲೋ ಇರುವ ಬಂಧುಗಳ ಮನೆಯಲ್ಲಿ. ಅವರಿಗೆ ಮೊದಲ ದಿನಕ್ಕೆ ಮಾಟುಂಗಕ್ಕಿಂತ ಹಿತವಾದ ಬಡಾವಣೆಯನ್ನು ನಾನರಿಯೆ. 1896ರ ಪ್ಲೇಗಿನ ಸಂಹಾರದ ಅನಂತರ 1898ರಲ್ಲಿ ಸ್ಥಾಪಿತವಾದ ಇಂಪ್ರೂವ್‌ಮೆಂಟ್ ಟ್ರಸ್ಟು, ಜನರಿಗೆ ಗಾಳಿಬೆಳಕುಗಳುಳ್ಳ ವಸತಿ ಬೇಕೆಂದು ದಾದರ್, ಮಾಟುಂಗ, ವಡಾಲ, ಸಯನ್‌ಗಳಲ್ಲಿ ಯೋಜಿಸಿದ ಬಡಾವಣೆಗಳವು. ಅಗಲವಾದ ಬೀದಿಗಳೂ ಫೈವ್ ಗಾರ್ಡನ್ಸ್‌ನ ಮರಗಳ ನೆರಳೂ ಆ ಯೋಜನೆಯ ಫಲ. ನಿಲ್ದಾಣದ ಬಳಿ 1942ರಿಂದ ನಡೆದುಬಂದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಯೆಲೆಯ ಮುಂದೆ ಕುಳಿತು, ಸಾರು ಬಡಿಸುವ ಕೈಗಳನ್ನು ನೋಡುತ್ತ, ಕರಾವಳಿಯಿಂದ ಬರಿಗೈಯಲ್ಲಿ ಬಂದು ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಓದಿ ಬಾಳು ಕಟ್ಟಿಕೊಂಡ ತಲೆಮಾರುಗಳನ್ನು ನೆನೆದವನು ಈ ನಗರ ನಮ್ಮವರಿಗೆ ಏನಾಗಿತ್ತೆಂಬುದನ್ನು ಅರಿಯುವನು. ನಟನ ಗೇಟಿಗಿಂತ ಇದು ಕನ್ನಡಿಗನಿಗೆ ಹತ್ತಿರದ ಸಂಗತಿಯಲ್ಲವೆ?

ಇನ್ನು ಆಕ್ಷೇಪಗಳು. ಇದು ಬಿಡುವುಳ್ಳವರ, ಅನುಕೂಲಸ್ಥರ ವಿಲಾಸ, ಜನ್ಮದಲ್ಲಿ ಒಮ್ಮೆ ಬರುವ ಬಡವನಿಗೆ ಇದನ್ನು ಉಪದೇಶಿಸುವುದು ನಿರ್ದಯವೆಂದು ಕೆಲವರು ಹೇಳಬಹುದು. ಆಕ್ಷೇಪ ಗಂಭೀರವಾದುದು, ಆದರೆ ಅದು ನನ್ನ ಪಕ್ಷಕ್ಕೇ ಬಲವಾಗುವುದು. ಮತ್ತೆ ಮತ್ತೆ ಬರಬಲ್ಲ ಸಿರಿವಂತನು ಮೊದಲ ದಿನವನ್ನು ಕೆಡಿಸಿಕೊಂಡರೂ ಮುಂದೆ ಸರಿಪಡಿಸಿಕೊಂಡಾನು. ಒಮ್ಮೆ ಮಾತ್ರ ಬರುವವನಿಗೆ ಆ ದಿನವನ್ನು ಕೆಡಿಸಿಕೊಳ್ಳುವ ಅವಕಾಶವೇ ಇಲ್ಲ. ಬಸ್ಸಿನ ದರವೂ ಟ್ಯಾಕ್ಸಿಯ ಬಾಡಿಗೆಯೂ ಬೀಳುವುದು ಆತುರದವನ ಮೇಲೆ; ಮೈದಾನಕ್ಕೂ ಕಡಲಕಟ್ಟೆಗೂ ಟಿಕೆಟ್ಟಿಲ್ಲ. ವೃದ್ಧರಾದ ತಂದೆತಾಯಿಗಳಿಗೆ ಎಲ್ಲವನ್ನೂ ಒಮ್ಮೆಲೆ ತೋರಿಸಬೇಕೆಂಬ ಮಕ್ಕಳ ಆಸೆ ಪೂಜ್ಯವಾದುದೇ. ಆದರೆ ನಾಲ್ಕನೆಯ ನಿಲುಗಡೆಯ ಹೊತ್ತಿಗೆ ಮಂಡಿ ನೋಯುವ ಆ ಹಿರಿಯರು “ನೀವು ನೋಡಿಕೊಂಡು ಬನ್ನಿ, ನಾವು ಇಲ್ಲೇ ಕೂತಿರುತ್ತೇವೆ” ಎಂದು ಬಸ್ಸಿನಲ್ಲಿಯೇ ಉಳಿಯುವುದನ್ನು ನಾವೆಲ್ಲರೂ ಬಲ್ಲೆವು. ಯಾರಿಗಾಗಿ ಯಾತ್ರೆಯೋ ಅವರೇ ಯಾತ್ರೆಯಿಂದ ಹೊರಗುಳಿದರೆ ಆ ಪಟ್ಟಿಯಿಂದ ಯಾರಿಗೆ ಶ್ರೇಯಸ್ಸು? ಒಂದೇ ದಿನವಿದ್ದರೆ ಏನು ಮಾಡಬೇಕೆಂದು ಕೇಳುವವರಿಗೂ ನನ್ನ ಉತ್ತರ ಬೇರೆಯಲ್ಲ: ಒಂದೇ ದಿನದಲ್ಲಿ ಎಲ್ಲವೂ ದಕ್ಕದೆಂಬುದು ಹೇಗೂ ಸಿದ್ಧವಾಗಿರುವಾಗ, ದಕ್ಕುವುದನ್ನಾದರೂ ಪೂರ್ಣವಾಗಿ ದಕ್ಕಿಸಿಕೊಳ್ಳುವುದು ವಿವೇಕ.

ಇಷ್ಟು ದುರ್ಬಲವಾದ ಮತವು ಇಷ್ಟು ಪ್ರಬಲವಾಗಿ ನಿಂತಿರುವುದೇಕೆ? ಅದರ ಬೇರು ಮುಂಬಯಿಯಲ್ಲಿಲ್ಲ, ಹಿಂದಿರುಗುವ ಊರಿನಲ್ಲಿದೆ. “ಜುಹು ನೋಡಿದಿರಾ? ಸಿದ್ಧಿವಿನಾಯಕಕ್ಕೆ ಹೋಗಲಿಲ್ಲವೆ? ಅಯ್ಯೋ, ಮುಂಬಯಿಗೆ ಹೋಗಿ ಅದನ್ನೇ ಬಿಟ್ಟಿರಾ?” ಎಂದು ನೆರೆಹೊರೆಯವರು ಕೇಳುವ ಪ್ರಶ್ನೆಗಳಿಗೆ ಉತ್ತರವಿಲ್ಲದೆ ಹೋದೀತೆಂಬ ಭಯದಲ್ಲಿ ನಮ್ಮವರು ಊರೆಲ್ಲ ಅಲೆಯುತ್ತಾರೆ. ಅತಿಥೇಯರ ಪ್ರೀತಿಯೂ ಈ ಭಯಕ್ಕೆ ಕೈಜೋಡಿಸುತ್ತದೆ: ಒಂದು ದಿನದ ರಜೆ ಹಾಕಿ ಜೊತೆಗೆ ಹೊರಟ ಭಾವನವರು, ಬಂದವರಿಗೆ ಏನನ್ನೋ ತಪ್ಪಿಸಿದರೆಂಬ ಅಪವಾದ ಬರಬಾರದೆಂದು, ಆ ಒಂದೇ ದಿನದೊಳಗೆ ತಮ್ಮ ನಗರವನ್ನೆಲ್ಲ ತುರುಕುತ್ತಾರೆ. ಹೀಗೆ ಇಬ್ಬರೂ ಪರಸ್ಪರ ಸಂತೋಷಪಡಿಸುವುದಕ್ಕಾಗಿ ಇಬ್ಬರಿಗೂ ಬೇಡವಾದ ದಿನವೊಂದನ್ನು ಕಳೆಯುತ್ತಾರೆ. ನೋಡಿದುದರ ಸಂಖ್ಯೆ ಹೇಳುವುದಕ್ಕೆ ಸುಲಭ, ಹೋಲಿಸುವುದಕ್ಕೂ ಸುಲಭ. ಅರಿತುದನ್ನು ಎಣಿಸಿ ತೋರಿಸಲಾಗದು. ಎಣಿಕೆಗೆ ಸಿಕ್ಕುವುದನ್ನೇ ಬೆಲೆಯೆಂದು ಬಗೆಯುವ ಈ ಮನೋಧರ್ಮವು ಶಿಕ್ಷಣವನ್ನು ಅಂಕಗಳಾಗಿಯೂ ಭಕ್ತಿಯನ್ನು ಕ್ಷೇತ್ರಗಳ ಲೆಕ್ಕವಾಗಿಯೂ ಮಾಡಿದೆ. ವಿರಾಮದ ಕಾಲವನ್ನಾದರೂ ಅದರ ಹಿಡಿತದಿಂದ ಉಳಿಸಿಕೊಳ್ಳಬೇಡವೆ?

ಇದು ಶಿಷ್ಟಾಚಾರದ ಪ್ರಶ್ನೆಯೂ ಹೌದು. ಬೀಗರ ಮನೆಗೆ ಮೊದಲ ಸಲ ಹೋದವನು ಅಡುಗೆಮನೆ ಉಗ್ರಾಣಗಳ ಬಾಗಿಲನ್ನೆಲ್ಲ ತೆರೆದು ನೋಡಹೊರಡುವುದಿಲ್ಲ. ಜಗಲಿಯಲ್ಲಿ ಕುಳಿತು, ಕೊಟ್ಟ ನೀರು ಬೆಲ್ಲವನ್ನು ಸ್ವೀಕರಿಸಿ, ಆ ಮನೆಯ ರೀತಿನೀತಿಗಳನ್ನು ಮೊದಲು ತಿಳಿಯುತ್ತಾನೆ. ಮಹಾನಗರವೂ ಜನ ವಾಸಿಸುವ ಮನೆಯೇ. ಇಳಿಯುವವರಿಗೆ ದಾರಿ ಬಿಟ್ಟು ಅನಂತರ ಹತ್ತುವುದು, ಫಾಸ್ಟ್ ಗಾಡಿ ಯಾವುದು ಸ್ಲೋ ಗಾಡಿ ಯಾವುದೆಂದು ಫಲಕವನ್ನು ನೋಡಿ ನಿಶ್ಚಯಿಸುವುದು, ಮಹಿಳೆಯರ ಡಬ್ಬಿ ಎಲ್ಲಿ ನಿಲ್ಲುವುದೆಂದು ಮೊದಲೇ ಕೇಳಿ ತಿಳಿಯುವುದು, ಬಸ್ಸಿಗೆ ಸರದಿಯಲ್ಲಿ ನಿಲ್ಲುವುದು, ಇವು ಆ ಮನೆಯ ರೀತಿಗಳು. ಜನಸಂದಣಿ ಇಳಿದ ಮಧ್ಯಾಹ್ನದ ಹೊತ್ತಿನಲ್ಲಿ, ಎಲ್ಲಿಗೂ ತುರ್ತಾಗಿ ತಲುಪಬೇಕಾಗಿಲ್ಲದ ಒಂದು ದಿನ, ನಾಲ್ಕು ನಿಲ್ದಾಣಗಳಷ್ಟು ದೂರ ಲೋಕಲಿನಲ್ಲಿ ಹೋಗಿ ಬಂದವನು ಇವನ್ನು ಅನಾಯಾಸವಾಗಿ ಕಲಿಯುತ್ತಾನೆ. ಆತುರದವನು ಬೈಸಿಕೊಂಡು ಕಲಿಯುತ್ತಾನೆ, ಅಥವಾ ಕಲಿಯದೆಯೇ ಹಿಂದಿರುಗಿ ಮುಂಬಯಿಯ ಜನ ಒರಟರೆಂದು ಹೇಳುತ್ತಾನೆ.

ಮೊದಲ ದಿನವು ಸಾರ್ಥಕವಾಯಿತೋ ಇಲ್ಲವೋ ಎಂಬುದನ್ನು ನಿರ್ಣಯಿಸತಕ್ಕದ್ದು ಎರಡನೆಯ ದಿನ. ಆತುರವಾದಿಯು ಎರಡನೆಯ ಬೆಳಗ್ಗೆ ಬಾತ ಕಾಲುಗಳೊಡನೆ ತಡವಾಗಿ ಎದ್ದು, ಇನ್ನು ನೋಡುವುದೇನೂ ಉಳಿದಿಲ್ಲವೆಂದು ಅಂಗಡಿಗಳ ಕಡೆಗೆ ಹೊರಡುತ್ತಾನೆ. ವಿವೇಕಿಯು ನಿದ್ರೆ ತಿಳಿದೆದ್ದು, ನಿನ್ನೆಯೇ ಪರಿಚಿತವಾದ ಬೀದಿಗಳಲ್ಲಿ ಯಾರನ್ನೂ ದಾರಿ ಕೇಳದೆ ದಕ್ಕೆಯನ್ನು ಸೇರಿ, ಬೆಳಗಿನ ದೋಣಿಯಲ್ಲಿ ಗಂಟೆಯ ಹೊತ್ತು ಬಂದರಿನ ನೀರನ್ನು ದಾಟಿ, ಎಲಿಫೆಂಟಾದ ಗುಹೆಯ ಕತ್ತಲಿಗೆ ಕಣ್ಣು ಹೊಂದುವವರೆಗೆ ಕಾದು, ಆಳೆತ್ತರದ ಮೂರು ಪಟ್ಟನ್ನೂ ಮೀರಿ ಬಂಡೆಯಿಂದ ಮೂಡಿದ ಸದಾಶಿವನ ಮೂರು ಮುಖಗಳನ್ನು ಒಂದೊಂದಾಗಿ ನೋಡುವಷ್ಟು ಸಮಾಧಾನವನ್ನು ಹೊತ್ತು ಹೋಗಿರುತ್ತಾನೆ. ಆ ಸಮಾಧಾನವನ್ನು ಅವನು ಗಳಿಸಿದುದು ಮೊದಲ ದಿನದ ಸಂಯಮದಿಂದ.

ಆದುದರಿಂದ ಈ ರಜೆಯಲ್ಲಿ ಮುಂಬಯಿಗೆ ಹೊರಡುವವರಲ್ಲಿಯೂ, ಅವರನ್ನು ಬರಮಾಡಿಕೊಳ್ಳುವ ಬಂಧುಗಳಲ್ಲಿಯೂ ನನ್ನ ಬಿನ್ನಹ ಇಷ್ಟೆ. ಮೊದಲ ದಿನದ ಎದುರಿಗೆ ಒಂದು ಬಡಾವಣೆ, ಒಂದು ಊಟ, ಒಂದು ಸಂಜೆ ಎಂದು ಬರೆದುಕೊಳ್ಳಿ. ಮಿಕ್ಕುದನ್ನೆಲ್ಲ ಆ ದಿನದ ಮಟ್ಟಿಗೆ ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕಿ. ಹೊಡೆದುಹಾಕಿದುದರಲ್ಲಿ ಅರ್ಧವು ಕೊನೆಯವರೆಗೂ ನೋಡದೆಯೇ ಉಳಿದರೆ ಉಳಿಯಲಿ. ನೆರೆಯವರು ಕೇಳಿದಾಗ ಅದನ್ನು ನೋಡಲಿಲ್ಲವೆಂದು ಸಂಕೋಚವಿಲ್ಲದೆ ಹೇಳಿ, ನೋಡಿದ ಒಂದನ್ನು ಕುರಿತು ಅರ್ಧ ಗಂಟೆ ಮಾತಾಡಿ. ಹಾಗೆ ಮಾತಾಡಬಲ್ಲವರು ಊರಿಗೆ ಹತ್ತು ಮಂದಿಯಾದರೆ ಆತುರವಾದವನ್ನು ಖಂಡಿಸಲು ಇಂಥ ಲೇಖನಗಳ ಅವಶ್ಯಕತೆಯೇ ಇರಲಾರದು.